ಕಲಬುರಗಿಯ ಹುಡುಗರು ಯಾವ ಲೆಕ್ಕಕ್ಕೆ ಬರುತ್ತಾರೆ?

2023-24ರಲ್ಲಿ ದೇಶದ ನಿರುದ್ಯೋಗ ಪ್ರಮಾಣ ಶೇ 3.2. ಇದು ಸರ್ಕಾರಿ ಸಮೀಕ್ಷೆಯ ಅಂಕಿ. ಕಲಬುರಗಿಯಲ್ಲಿ ರೂಮ್ ಮಾಡಿಕೊಂಡು ಪರೀಕ್ಷೆಗೆ ಓದುತ್ತಿರುವ ಹುಡುಗರಿಗೆ ಇದನ್ನು ಹೇಳಿದರೆ ನಂಬುವುದು ಕಷ್ಟ. ಅಂಕಿ ಸುಳ್ಳಲ್ಲ. ಅದು ಅಳೆಯುವುದು ಒಂದು, ನಾವು ತಿಳಿದುಕೊಳ್ಳುವುದು ಇನ್ನೊಂದು.

ಈ ಎಣಿಕೆಗೆ ಹಳೆಯ ಕತೆ ಇದೆ. ಯುದ್ಧ ಮುಗಿಸಿ ಬಂದ ಸೈನಿಕರಿಗೆ ಕೆಲಸ ಹುಡುಕಿಕೊಡಲು 1945ರಲ್ಲಿ ಉದ್ಯೋಗ ವಿನಿಮಯ ಕೇಂದ್ರಗಳು ಶುರುವಾದವು. ಖಾಲಿ ಹುದ್ದೆಗಳ ಮಾಹಿತಿಯನ್ನು ಈ ಕೇಂದ್ರಗಳಿಗೆ ಕೊಡಲೇಬೇಕು ಎಂದು 1959ರ ಕಾಯ್ದೆ ಹೇಳಿತು. ಅಲ್ಲಿಂದಲೇ ಜನ ತಗೋಬೇಕು ಅಂತ ಹೇಳಲಿಲ್ಲ. ಓದು ಮುಗಿಸಿದವರು ಕಾರ್ಡ್ ಮಾಡಿಸಿದರು, ನವೀಕರಿಸಿದರು, ಕರೆಪತ್ರಕ್ಕೆ ಕಾದರು. ಎಲ್ಲೋ ಅಂಗಡಿಯಲ್ಲಿ ಕೆಲಸ ಹಿಡಿದವನ ಹೆಸರೂ ಆ ದಾಖಲೆಯಲ್ಲಿ ಉಳಿಯುತ್ತಿತ್ತು. ಕೂಲಿ ಸಿಗದೆ ಕೂತ ಹೆಂಗಸಿನ ಹೆಸರು ಅಲ್ಲಿಗೆ ಬರುತ್ತಲೇ ಇರಲಿಲ್ಲ. ಪತ್ರಿಕೆಯಲ್ಲೂ ಜಾಹೀರಾತು ಕೊಡಬೇಕು ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕಾರ್ಡಿನ ಬೆಲೆ ಇಳಿಯಿತು.

ಮನೆಮನೆಗೆ ಹೋಗಿ ಕೇಳುವ ಪದ್ಧತಿ ಈಗಿನ ರೂಪಕ್ಕೆ ಬಂದದ್ದು ನಿರುದ್ಯೋಗದ ಅಂದಾಜು ಕುರಿತ ದಾಂತವಾಲಾ ತಜ್ಞರ ಸಮಿತಿಯ ವರದಿಯ ನಂತರ. ಹೊಲ, ಕೂಲಿ, ಮನೆಗೆಲಸ ಎಲ್ಲ ಬೆರೆತಿರುವ ದೇಶದಲ್ಲಿ ನಿರುದ್ಯೋಗವನ್ನು ಒಂದೇ ಅಂಕಿಯಲ್ಲಿ ಹೇಳಬಾರದು ಎಂದು ಆ ಸಮಿತಿ 1970ರಲ್ಲೇ ಹೇಳಿತ್ತು. ಅದರ ಆಧಾರದ ಮೇಲೆ 1972-73ರಿಂದ ಸುಮಾರು ಐದು ವರ್ಷಕ್ಕೊಮ್ಮೆ ದೊಡ್ಡ ಸಮೀಕ್ಷೆಗಳು ನಡೆದವು. 2017ರಲ್ಲಿ ಶುರುವಾದ ಪಿಎಲ್‌ಎಫ್‌ಎಸ್ ಎಂಬ ಕೇಂದ್ರದ ದುಡಿಮೆ ಸಮೀಕ್ಷೆ ಪ್ರತಿ ವರ್ಷದ ವರದಿ ಕೊಡತೊಡಗಿತು. ಅಳತೆಗಳು ಈಗಲೂ ಹಲವು ಇವೆ. ಸುದ್ದಿಯಲ್ಲಿ ಮಾತ್ರ ಒಂದೇ ಅಂಕಿ ಓಡಾಡುತ್ತದೆ.

ಜೇವರ್ಗಿ ಕಡೆಯ ಒಂದು ಮನೆ ಅಂದುಕೊಳ್ಳಿ. ಮಗ ಬಿಎ ಮುಗಿಸಿದ್ದಾನೆ, ವರ್ಷವೆಲ್ಲ ನೌಕರಿ ಹುಡುಕಿದ್ದಾನೆ. ನಡುವೆ ಕಳೆ ತೆಗೆಯುವಾಗ, ತೊಗರಿ ರಾಶಿ ಮಾಡುವಾಗ ಸೇರಿ ಸುಮಾರು 40 ದಿನ ಅಪ್ಪನ ಹೊಲದಲ್ಲಿ ದುಡಿದಿದ್ದಾನೆ. ಪಗಾರ ಇಲ್ಲ. ಆದರೂ ವಾರ್ಷಿಕ ಲೆಕ್ಕದಲ್ಲಿ ಅವನು ಉದ್ಯೋಗಿ, ಯಾಕೆಂದರೆ ವರ್ಷದಲ್ಲಿ 30 ದಿನ ಮೇಲ್ಗೆಲಸ, ಅಂದರೆ ಮುಖ್ಯವಲ್ಲದ ಕೆಲಸ, ಮಾಡಿದ್ದರೂ ಸಾಕು. ವಾರದ ಲೆಕ್ಕ ಬೇರೆ. ಏಳು ದಿನದಲ್ಲಿ ಒಂದು ಗಂಟೆ ದುಡಿದಿದ್ದರೂ ಆಯಿತು. ಅವನ ತಂಗಿ ಕೆಲಸ ಸಿಗಲ್ಲ ಅಂತ ಹುಡುಕುವುದನ್ನೇ ಬಿಟ್ಟು, ಸಿಕ್ಕರೂ ಹೋಗಲ್ಲ ಅಂದರೆ ಅವಳು ನಿರುದ್ಯೋಗಿಯೂ ಅಲ್ಲ, ಲೆಕ್ಕದಿಂದಲೇ ಹೊರಗೆ. ಅಣ್ಣ ಗುಳೆ ಹೋಗಿ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾನೆ. ಅವನಂತೂ ಪಕ್ಕಾ ಉದ್ಯೋಗಿ. ಇಡೀ ಮನೆಯಲ್ಲಿ ಒಬ್ಬ ನಿರುದ್ಯೋಗಿಯೂ ಇಲ್ಲ!

ಸುಮ್ನೆ ಕೂರುವಷ್ಟು ಅನುಕೂಲ ಬಡವರಿಗೆ ಎಲ್ಲಿದೆ? ಏನಾದರೂ ಮಾಡಲೇಬೇಕು. ಹಾಗಾಗಿ ಬಡ ಜಿಲ್ಲೆಯಲ್ಲಿ ಈ ಪ್ರಮಾಣ ಕಡಿಮೆ ಬಂದರೆ ಆಶ್ಚರ್ಯವಿಲ್ಲ. ದೇಶದ ಪ್ರಮಾಣ 2017-18ರ ಶೇ 6.0ರಿಂದ ಶೇ 3.2ಕ್ಕೆ ಇಳಿಯಿತು. ಅದೇ ಹೊತ್ತಿನಲ್ಲಿ ಹಳ್ಳಿ ಹೆಂಗಸರಲ್ಲಿ ದುಡಿಯುವವರಾಗಿಯೋ ಕೆಲಸ ಹುಡುಕುವವರಾಗಿಯೋ ಲೆಕ್ಕಕ್ಕೆ ಬಂದವರ ಪಾಲು ಶೇ 24.6ರಿಂದ ಶೇ 47.6ಕ್ಕೆ ಏರಿತು. ಹೀಗೆ ಬಂದವರಲ್ಲಿ ತುಂಬಾ ಜನ ಮನೆಯ ಹೊಲ, ಅಂಗಡಿಯಲ್ಲಿ ಸಂಬಳವಿಲ್ಲದೆ ದುಡಿಯುವವರು. 15ರಿಂದ 29ರ ವಯಸ್ಸಿನವರನ್ನು ಬೇರೆ ಮಾಡಿ ನೋಡಿದರೆ ನಿರುದ್ಯೋಗ ಶೇ 10.2.

ನಮ್ಮ ಭಾಗದಲ್ಲಿ ಇದಕ್ಕೆ ಇನ್ನೊಂದು ಎಳೆ ಸೇರಿದೆ. ಕಲಬುರಗಿಯ ಎಂಎಸ್‌ಕೆ ಬಟ್ಟೆ ಮಿಲ್ ಮುಚ್ಚಿ ಎಷ್ಟೋ ವರ್ಷವಾಯಿತು. ಪ್ರಾದೇಶಿಕ ಅಸಮತೋಲನ ಕುರಿತ 2002ರ ನಂಜುಂಡಪ್ಪ ವರದಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆಗಿನ ಗುಲಬರ್ಗಾ ವಿಭಾಗದವೇ. ಖಾಸಗಿ ಕೆಲಸ ಕಡಿಮೆ ಇರುವ ಕಡೆ ನೌಕರಿ ಅಂದರೆ ಸರ್ಕಾರಿ ನೌಕರಿ ಅಂತಲೇ ಅರ್ಥ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂತು. 2013ರ ಆದೇಶದ ಪ್ರಕಾರ ಈ ಭಾಗದ ಸಿ ಗುಂಪಿನ ಹುದ್ದೆಗಳಲ್ಲಿ ಶೇ 80 ಸ್ಥಳೀಯರಿಗೆ. ಬೀದರ್, ಯಾದಗಿರಿಯ ಹಳ್ಳಿಗಳಿಂದಲೂ ಹುಡುಗ ಹುಡುಗಿಯರು ಸ್ಥಳೀಯರೆಂಬ ಸರ್ಟಿಫಿಕೇಟ್ ಮಾಡಿಸಿ ಓದಲು ಕೂತರು. ಆ ಆಸೆ ನ್ಯಾಯವಾದದ್ದೇ. ಆದರೆ ಮೀಸಲಾತಿ ಇದ್ದರೆ ಸಾಲದು, ಅಧಿಸೂಚನೆ ಹೊರಡಬೇಕು, ಪರೀಕ್ಷೆ ನೆಟ್ಟಗೆ ನಡೆಯಬೇಕು, ಆದೇಶ ಕೈಗೆ ಬರಬೇಕು.

545 ಪಿಎಸ್‌ಐ ಹುದ್ದೆಗಳ ವಿಷಯ ನೋಡಿ. 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಕಲಬುರಗಿಯ ಒಂದು ಕೇಂದ್ರದ ಅಕ್ರಮ ಹೊರಬಿದ್ದು 2022ರಲ್ಲಿ ನೇಮಕಾತಿ ರದ್ದಾಯಿತು. ಮರುಪರೀಕ್ಷೆ 2024ರ ಜನವರಿಗೆ. ಪ್ರಾಮಾಣಿಕವಾಗಿ ಬರೆದವರಿಗೂ ಎರಡು ವರ್ಷದ ಮೇಲೆ ಹೋಯಿತು. ಅಷ್ಟರಲ್ಲಿ ವಯಸ್ಸು ಏರಿತು, ರೂಮ್ ಬಾಡಿಗೆ ಏರಿತು, ಊರಲ್ಲಿ ಕೇಳುವವರ ಬಾಯಿ ಜೋರಾಯಿತು. ಈ ಕಾಯುವಿಕೆಯ ಉದ್ದ ಶೇಕಡಾವಾರು ಅಂಕಿಯಲ್ಲಿ ಕಾಣಲ್ಲ.

2025ರಿಂದ ಸಮೀಕ್ಷೆ ತಿಂಗಳಿಗೊಮ್ಮೆ ಅಂಕಿ ಕೊಡುತ್ತಿದೆ. ಏಪ್ರಿಲ್‌ನ ಮೊದಲ ಅಂಕಿ ಶೇ 5.1. ಇದನ್ನು ಹಿಂದಿನ 3.2ರ ಪಕ್ಕ ಇಟ್ಟು ನಿರುದ್ಯೋಗ ಏರಿತು ಅನ್ನುವುದು ತಪ್ಪು. ಅದು ವರ್ಷದ ಲೆಕ್ಕ, ಇದು ವಾರದ ಲೆಕ್ಕ. ಹೊಸ ವ್ಯವಸ್ಥೆಯಲ್ಲಿ ಮನೆಗಳ ಆಯ್ಕೆಗೆ ಜಿಲ್ಲೆಯನ್ನೇ ಆಧಾರ ಮಾಡಿಕೊಂಡಿದ್ದಾರೆ. 2023-24ರವರೆಗಿನ ವಾರ್ಷಿಕ ವರದಿಗಳು ರಾಜ್ಯದ ಅಂಕಿಗೇ ನಿಂತಿದ್ದವು. ಯಾದಗಿರಿಗೆ ಬೇರೆ ಅಂಕಿ, ಅದರ ಜೊತೆಗೆ ಎಷ್ಟು ದಿನ ಕೆಲಸ ಸಿಕ್ಕಿತು, ಎಷ್ಟು ಕೂಲಿ ಬಂತು, ಡಿಗ್ರಿ ಮುಗಿಸಿ ಎಷ್ಟು ವರ್ಷ ಕಾದರು ಎಂಬ ವಿವರವನ್ನೂ ಈಗಲಾದರೂ ಪ್ರಕಟಿಸಬೇಕು.