ಸಂಪಾಜೆ ಘಾಟಿ ಇಳಿಯಬಲ್ಲ ಪಿಕಪ್ ಯಾವುದು?

ಕೊಡಗಿನಲ್ಲಿ ಪಿಕಪ್ ಕೊಳ್ಳಲು ಹೊರಟವರು ಮೊದಲು ಕೇಳುವುದು ‘ಎಷ್ಟು ಎಳೆಯುತ್ತೆ?’ ಅಂತ. ತೋಟದ ಕೆಲಸಕ್ಕೆ ಅದು ಸರಿಯಾದ ಪ್ರಶ್ನೆಯೇ. ಕಣದಿಂದ ಕಾಫಿ ಮೂಟೆ ಸಾಗಿಸಬೇಕು, ಪೇಟೆಯಿಂದ ಗೊಬ್ಬರ ತರಬೇಕು, ಮಳೆಗಾಲದ ಕೆಸರಿನಲ್ಲಿ ತೋಟದ ಏರು ಹತ್ತಬೇಕು. ಈಗ ಕೆಲವರಿಗೆ ಇನ್ನೊಂದು ಆಸೆಯೂ ಹುಟ್ಟಿದೆ. ಅದೇ ಪಿಕಪ್ಪಿನ ಹಿಂದೆ ಕ್ಯಾರವಾನ್ ಟ್ರೈಲರ್ ಕಟ್ಟಿಕೊಂಡು ಮನೆಮಂದಿಯೊಂದಿಗೆ ಊರೂರು ಸುತ್ತುವ ಆಸೆ. ಹಾಸಿಗೆ, ಒಲೆ, ನೀರಿನ ಟ್ಯಾಂಕ್ ಎಲ್ಲ ಇರುವ, ಆದರೆ ಸ್ವಂತ ಎಂಜಿನ್ ಇಲ್ಲದ ಚಕ್ರದ ಮನೆ ಅದು. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಮಾಮೂಲು. ನಮ್ಮಲ್ಲಿ ಇನ್ನೂ ಅಪರೂಪ.

ಇಂಥ ಟ್ರೈಲರ್‌ಗೆ ಪಿಕಪ್ ಆರಿಸುವಾಗ ಎಳೆಯುವ ಶಕ್ತಿಯ ಪ್ರಶ್ನೆ ನನ್ನ ಪ್ರಕಾರ ಮೂರನೆಯದು. ಇಳಿಜಾರಿನಲ್ಲಿ ಎಷ್ಟು ತಡೆದು ಹಿಡಿಯುತ್ತೆ, ಬೆನ್ನ ಮೇಲೆ ಎಷ್ಟು ಹೊರುತ್ತೆ ಎಂಬುದನ್ನು ಮೊದಲು ಕೇಳಬೇಕು. ಬಯಲು ಸೀಮೆಯವರಿಗೆ ಇದನ್ನು ಒಪ್ಪಿಸುವುದು ಕಷ್ಟ. ಮಡಿಕೇರಿಯವರಿಗೆ ಹಾಗಲ್ಲ. ಮಂಗಳೂರಿಗೆ ಹೋಗಲಿ, ಕಣ್ಣೂರಿಗೆ ಹೋಗಲಿ, ಇಲ್ಲಿಂದ ಇಳಿಯಲೇಬೇಕಲ್ವಾ?

ಮೊದಲು ಏರಿನ ಲೆಕ್ಕ ಮುಗಿಸಿಬಿಡೋಣ. ಜನ, ಸಾಮಾನು ಸೇರಿ ಪಿಕಪ್ 2,500 ಕಿಲೋ, ಟ್ರೈಲರ್ 1,500 ಕಿಲೋ, ಒಟ್ಟು 4 ಟನ್ ಅಂದುಕೊಳ್ಳಿ. 100 ಮೀಟರ್ ಸಾಗಿದರೆ 10 ಮೀಟರ್ ಮೇಲೇರುವ ರಸ್ತೆಯಲ್ಲಿ ಈ ಭಾರವನ್ನು ಗುರುತ್ವ ಹಿಂದಕ್ಕೆ ಜಗ್ಗುವ ಬಲ ಸುಮಾರು 3,900 ನ್ಯೂಟನ್. ಟಯರ್ ಉರುಳಲು ಇನ್ನೊಂದು 500. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಇದನ್ನು ಹತ್ತಿಸಲು ಚಕ್ರಗಳಿಗೆ ಬೇಕಾದದ್ದು ಸುಮಾರು 50 ಹಾರ್ಸ್‌ಪವರ್, ಅಷ್ಟೇ. ಇಸುಜು ವಿ-ಕ್ರಾಸ್‌ನ 1.9 ಲೀಟರ್ ಡೀಸೆಲ್ ಎಂಜಿನ್ 160ರ ಮೇಲೆ ಕೊಡುತ್ತದೆ. ಟೊಯೋಟಾ ಹೈಲಕ್ಸ್‌ನ 2.8 ಲೀಟರ್ ಎಂಜಿನ್ 200 ದಾಟುತ್ತದೆ. ಸಾಧಾರಣ ಹಳೆಯ ಡೀಸೆಲ್ ಪಿಕಪ್ ಕೂಡ ಏದುಸಿರು ಬಿಡುತ್ತಾ ಹತ್ತಿಬಿಡುತ್ತದೆ.

ಏರಿನಲ್ಲಿ ನಿಜವಾಗಿ ಕಷ್ಟ ಬರುವುದು ನಿಂತಲ್ಲಿಂದ ಹೊರಡುವಾಗ. ತಿರುವಿನಲ್ಲಿ ಎದುರು ಬಸ್ಸು ಬಂತು, ನಿಲ್ಲಿಸಿದಿರಿ. ಈಗ ಎಂಜಿನ್ ಇನ್ನೂ ನಿಧಾನವಾಗಿ ತಿರುಗುತ್ತಿದೆ, ಅದಕ್ಕೆ ಹೆಚ್ಚು ಗಾಳಿ ಒತ್ತಿಕೊಡುವ ಟರ್ಬೊ ಎದ್ದಿಲ್ಲ. 4 ಟನ್ನನ್ನು ಅಲ್ಲಾಡಿಸುವಷ್ಟು ಹೊತ್ತು ಹಾಫ್ ಕ್ಲಚ್ಚಿನಲ್ಲಿ ಹಿಡಿದರೆ ಕ್ಲಚ್ ಪ್ಲೇಟಿನ ಸುಟ್ಟ ವಾಸನೆ ಬರುತ್ತದೆ. ಹಾಗಾಗಿ ಗರಿಷ್ಠ ಹಾರ್ಸ್‌ಪವರ್‌ಗಿಂತ, ಕಡಿಮೆ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) ಎಷ್ಟು ಟಾರ್ಕ್, ಅಂದರೆ ತಿರುಗಿಸುವ ಬಲ, ಸಿಗುತ್ತದೆ ಎಂಬುದನ್ನು ನೋಡಿ. ಹೈಲಕ್ಸ್ ಆಟೊಮ್ಯಾಟಿಕ್‌ನಲ್ಲಿ ಗರಿಷ್ಠ 500 ನ್ಯೂಟನ್ ಮೀಟರ್ ಟಾರ್ಕ್ 1,600 ಆರ್‌ಪಿಎಂನಿಂದಲೇ ಸಿಗುತ್ತದೆ. ಆಟೊಮ್ಯಾಟಿಕ್‌ನಲ್ಲಿ ಕ್ಲಚ್ ಸುಡುವ ಚಿಂತೆಯಿಲ್ಲ. ಬದಲಿಗೆ ಗೇರ್‌ಬಾಕ್ಸ್ ಆಯಿಲ್ ಕಾಯುತ್ತದೆ. ಅದನ್ನು ತಣಿಸಲು ಪ್ರತ್ಯೇಕ ಕೂಲರ್ ಇದೆಯೇ ಅಂತ ಕೇಳಿ ತಿಳಿದುಕೊಳ್ಳಿ. ಎತ್ತರದ ಊರಲ್ಲಿ ಗಾಳಿ ತೆಳುವಾಗಿ ಎಂಜಿನ್ ಸೋಲುತ್ತದೆ ಎನ್ನುವ ಮಾತೂ ಇದೆ. ಟರ್ಬೊ ಇಲ್ಲದ ಎಂಜಿನ್ ಮಡಿಕೇರಿಯ ಎತ್ತರದಲ್ಲಿ ಶೇ 10ರಷ್ಟು ಶಕ್ತಿ ಕಳೆದುಕೊಳ್ಳುವುದು ನಿಜ. ಟರ್ಬೊ ಇದ್ದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಈಗ ಇಳಿಯೋಣ. ಮಂಗಳೂರಿನ ದಾರಿಯಲ್ಲಿ ಮಡಿಕೇರಿಯಿಂದ ಸಂಪಾಜೆಗೆ ಹೆಚ್ಚೂಕಡಿಮೆ 30 ಕಿಲೋಮೀಟರ್. ಅಷ್ಟರಲ್ಲಿ ರಸ್ತೆ ಸುಮಾರು 1,000 ಮೀಟರ್ ಕೆಳಗಿಳಿಯುತ್ತದೆ. 4 ಟನ್ ಭಾರ ಅಷ್ಟು ಇಳಿದರೆ ಬಿಡುಗಡೆಯಾಗುವ ಶಕ್ತಿ 39 ಮೆಗಾಜೂಲ್. ಇದು ಎಲ್ಲಿಗಾದರೂ ಹೋಗಲೇಬೇಕು. ಟಯರ್ ಉರುಳುವುದರಲ್ಲಿ ಸುಮಾರು ಮೂರನೇ ಒಂದು ಪಾಲು ಕರಗುತ್ತದೆ. ಉಳಿದ 26 ಮೆಗಾಜೂಲನ್ನು ಪಿಕಪ್ಪಿನ ಬ್ರೇಕ್ ಒಂದೇ ನುಂಗಬೇಕು ಎಂದಿಟ್ಟುಕೊಳ್ಳಿ. ನಾಲ್ಕು ಚಕ್ರದ ಡಿಸ್ಕು, ಡ್ರಮ್ಮುಗಳ ಕಬ್ಬಿಣ ಒಟ್ಟು 40 ಕಿಲೋ ಅಂದರೆ, ಗಾಳಿಗೆ ಏನೂ ಬಿಟ್ಟುಕೊಡದೆ ಇದ್ದಲ್ಲಿ ಅದರ ಬಿಸಿ 1,400 ಡಿಗ್ರಿ ಏರಬೇಕಾಗುತ್ತದೆ. ಎರಕದ ಕಬ್ಬಿಣ 1,200 ಡಿಗ್ರಿಯ ಹತ್ತಿರ ಕರಗಿಯೇ ಹೋಗುತ್ತದೆ! ನಿಜದಲ್ಲಿ ಗಾಳಿ ಬಹಳಷ್ಟನ್ನು ಹೊತ್ತೊಯ್ಯುತ್ತದೆ, ಹಾಗಾಗಿ ಕರಗುವುದಿಲ್ಲ. ಆದರೆ ಎಷ್ಟು ಬಿಸಿಯ ಜೊತೆ ಆಟ ಎಂಬುದು ಗೊತ್ತಾಯಿತಲ್ಲ.

ಕಬ್ಬಿಣ ಕರಗುವ ಎಷ್ಟೋ ಮುಂಚೆ ಬ್ರೇಕ್ ಆಯಿಲ್ ಸೋಲುತ್ತದೆ. ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಅದರ ದರ್ಜೆಗಳಲ್ಲಿ ಹೊಸ ಡಾಟ್ 3 ಆಯಿಲ್ ಕುದಿಯುವುದು 205 ಡಿಗ್ರಿಯ ಮೇಲೆ, ಡಾಟ್ 4 ಕುದಿಯುವುದು 230ರ ಮೇಲೆ. ತೇವ ಹೀರಿದ ಮೇಲೆ ಈ ಕನಿಷ್ಠ ಮಟ್ಟಗಳು 140 ಮತ್ತು 155ಕ್ಕೆ ಇಳಿಯುತ್ತವೆ. ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ ಹುಟ್ಟುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಆಗ ಪೆಡಲ್ ಸಲೀಸಾಗಿ ತಳ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೂ ಬೆವರುವ ನಮ್ಮ ಜಿಲ್ಲೆಯಲ್ಲಿ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಾಯಿಸುವುದು ದುಂದುವೆಚ್ಚವಲ್ಲ.

ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂದು ಘಾಟಿಯ ಡ್ರೈವರುಗಳು ಹೇಳುವುದು ಇದಕ್ಕೇ. ಸಣ್ಣ ಗೇರಿನಲ್ಲಿ ಎಂಜಿನ್ ಜೋರಾಗಿ ತಿರುಗಿ, ತನ್ನ ಉಜ್ಜಾಟದಲ್ಲೂ ಗಾಳಿ ತಳ್ಳುವುದರಲ್ಲೂ ಶಕ್ತಿ ಕಳೆಯುತ್ತದೆ. ಅಷ್ಟು ಬಿಸಿ ಬ್ರೇಕಿಗೆ ಉಳಿತಾಯ. ಆದರೆ ಸಣ್ಣ ಡೀಸೆಲ್ ಎಂಜಿನ್ನಿನ ಈ ತಡೆ ಅಂಥಾ ದೊಡ್ಡದಲ್ಲ. ದೊಡ್ಡ ಲಾರಿಗಳಿಗೆ ಹೊಗೆಯ ದಾರಿ ಅಡ್ಡಗಟ್ಟಿ ಎಂಜಿನ್ನಿನ ತಡೆ ಹೆಚ್ಚಿಸುವ ಎಕ್ಸಾಸ್ಟ್ ಬ್ರೇಕ್ ಇರುತ್ತದೆ, ನಮ್ಮ ಪಿಕಪ್‌ಗಳಿಗೆ ಸಾಮಾನ್ಯವಾಗಿ ಇರುವುದಿಲ್ಲ. ಫೋರ್ ವೀಲ್ ಡ್ರೈವಿನ ಲೋ ಗೇರ್ ಹಾಕಿದರೆ ಆಗಲ್ವಾ ಎಂದು ಕೇಳುವವರಿದ್ದಾರೆ. ಈ ಪಿಕಪ್‌ಗಳಲ್ಲಿ ಲೋ ಹಾಕಿದರೆ ಮುಂದಿನ, ಹಿಂದಿನ ಆಕ್ಸಲ್ ಎರಡೂ ಒಂದಕ್ಕೊಂದು ಲಾಕ್ ಆದಂತೆ. ಒಣ ಟಾರು ರಸ್ತೆಯ ತಿರುವಿನಲ್ಲಿ ಅದು ಗೇರ್‌ಬಾಕ್ಸ್ ತಿರುಚಿ ಹಾಳು ಮಾಡುತ್ತದೆ. ಕೆಸರಿಗೆ, ಜಲ್ಲಿಗೆ ಮಾತ್ರ ಅದು.

ಇಷ್ಟೆಲ್ಲಕ್ಕೂ ಒಳ್ಳೆಯ ಉತ್ತರ ಪಿಕಪ್ಪಿನಲ್ಲಿಲ್ಲ, ಟ್ರೈಲರ್‌ನಲ್ಲಿದೆ. ಟ್ರೈಲರ್‌ಗೆ ತನ್ನದೇ ಬ್ರೇಕ್ ಇರಬೇಕು. ಒದ್ದೆ ರಸ್ತೆಯಲ್ಲಿ ಟಯರ್ ಹಿಡಿತದ ಅಂಕ 0.4 ಎಂದಿಟ್ಟುಕೊಂಡು, ಅದೇ 100ಕ್ಕೆ 10ರ ಇಳಿಜಾರಿನಲ್ಲಿ 40 ಕಿಲೋಮೀಟರ್ ವೇಗದಿಂದ ನಿಲ್ಲಿಸುವ ಲೆಕ್ಕ ಮಾಡಿ. ಟ್ರೈಲರ್ ಚಕ್ರಗಳೂ ಬ್ರೇಕ್ ಹಿಡಿದರೆ 21 ಮೀಟರ್ ಸಾಕು. ಹಿಡಿಯದಿದ್ದರೆ 42 ಮೀಟರ್ ಬೇಕು. ಸರಿಯಾಗಿ ಇಮ್ಮಡಿ. ಅದೂ ಹಿಂದಿನ ಮನೆ ಪಿಕಪ್ಪನ್ನು ತಳ್ಳಿ ಅಡ್ಡ ತಿರುಗಿಸದೆ ಇದ್ದರೆ! ಯುರೋಪ್, ಆಸ್ಟ್ರೇಲಿಯಾಗಳಲ್ಲಿ 750 ಕಿಲೋ ದಾಟಿದ ಟ್ರೈಲರ್‌ಗೆ ಬ್ರೇಕ್ ಕಡ್ಡಾಯ. ಅದರಲ್ಲಿ ಎರಡು ಬಗೆ. ಟ್ರೈಲರ್ ಮುಂದಕ್ಕೆ ತಳ್ಳಿದಾಗ ತಾನೇ ಹಿಡಿಯುವುದು ಒಂದು, ಡ್ರೈವರ್ ಪಕ್ಕದ ಕಂಟ್ರೋಲರ್‌ನಿಂದ ವಿದ್ಯುತ್ ಹರಿದು ಹಿಡಿಯುವುದು ಇನ್ನೊಂದು. ಉದ್ದ ಇಳಿಜಾರಿನಲ್ಲಿ ಟ್ರೈಲರ್ ತಳ್ಳುತ್ತಲೇ ಇರುವುದರಿಂದ ಮೊದಲನೆಯದು ಬಿಡದೆ ಹಿಡಿದು ಕಾಯಬಹುದು. ಘಾಟಿಯವರಿಗೆ ವಿದ್ಯುತ್ ಬ್ರೇಕೇ ಮೇಲು. ಪಿಕಪ್ ಕೊಳ್ಳುವಾಗಲೇ ಅದಕ್ಕೆ ಬೇಕಾದ ವೈರಿಂಗ್ ಎಳೆಯಲು ಜಾಗ ಇದೆಯೇ ಅಂತ ನೋಡಿಕೊಂಡರೆ ಮುಂದೆ ಬಾಡಿ ಕೊರೆಯುವ ಕೆಲಸ ತಪ್ಪುತ್ತದೆ.

ಇನ್ನು ಹೊರುವ ಮಾತು. ಎತ್ತಿನ ಗಾಡಿ ಹೂಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹೇರು ಮುಂದಕ್ಕೆ ಜಾಸ್ತಿಯಾದರೆ ನೊಗ ಎತ್ತಿನ ಹೆಗಲಿಗೆ ಕೂರುತ್ತದೆ. ಹಿಂದಕ್ಕೆ ಜಾಸ್ತಿಯಾದರೆ ಮೂಕಿ ಮೇಲೇಳುತ್ತದೆ. ಟ್ರೈಲರ್‌ನ ಕೊಕ್ಕೆಗೂ ಇದೇ ನಿಯಮ. ಟ್ರೈಲರ್‌ನ ಒಟ್ಟು ತೂಕದ ಶೇ 10ರಿಂದ 15ರಷ್ಟು ಕೊಕ್ಕೆಯ ಮೇಲೆ ಕೂರಬೇಕು ಎಂಬುದು ಅಮೆರಿಕದ ರೂಢಿ. ಯುರೋಪಿನವರು ಇನ್ನೂ ಕಡಿಮೆ ಇಡುತ್ತಾರೆ. ಅಲ್ಲಿ ಟ್ರೈಲರ್ ಎಳೆಯುವವರ ವೇಗಮಿತಿಯೂ ಕಡಿಮೆ.

1,500 ಕಿಲೋ ಟ್ರೈಲರ್‌ಗೆ ಶೇ 12 ಅಂದರೆ 180 ಕಿಲೋ. ಇದು ಪಿಕಪ್ ‘ಎಳೆಯುವ’ ಭಾರವಲ್ಲ, ಹೊರುವ ಭಾರ. ನಿಮ್ಮ ಪಿಕಪ್ ಹೊರಬಲ್ಲದ್ದು ಒಟ್ಟು 500 ಕಿಲೋ ಎಂದುಕೊಳ್ಳಿ. ಕೊಕ್ಕೆಗೆ 180 ಹೋಯಿತು. ನಾಲ್ವರು ಕೂತರೆ 280. ಉಳಿದದ್ದು 40 ಕಿಲೋ. ಒಂದು ಮೂಟೆ ಕಾಫಿಯೂ ಹಿಡಿಸುವುದಿಲ್ಲ! ಇನ್ನೂ ನಾಯಿ, ಸ್ಟೆಪ್ನಿ ಪಕ್ಕದ ಟೂಲ್ ಬಾಕ್ಸು, ಅಜ್ಜಿ ಕೊಟ್ಟ ಕಿತ್ತಳೆ ಚೀಲ ಬಂದಿಲ್ಲ. ಎಳೆಯುವ ಮಿತಿ ಇನ್ನೂ ದೂರ ಇರುವಾಗಲೇ ಹೊರುವ ಮಿತಿ ಮುಗಿದಿರುತ್ತದೆ. ಬಹುಪಾಲು ಜನ ಎಡವುವುದು ಇಲ್ಲೇ. ನಾಲ್ಕು ಬಾಗಿಲಿನ, ಒಳ್ಳೆ ಸೀಟಿನ ‘ಲೈಫ್‌ಸ್ಟೈಲ್’ ಪಿಕಪ್‌ಗಳು ತೋಟದ ಸಾದಾ ಪಿಕಪ್‌ಗಿಂತ ಕಡಿಮೆ ಹೊರುತ್ತವೆ ಎಂಬುದನ್ನು ಜಾಹೀರಾತು ದಪ್ಪಕ್ಷರದಲ್ಲಿ ಹೇಳುವುದಿಲ್ಲ. ನಿಮ್ಮ ಗಾಡಿಯದು ಎಷ್ಟು ಎಂದು ತಿಳಿಯಲು ಒಟ್ಟು ಅನುಮತಿಸಿದ ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆಯಿರಿ.

ಅಷ್ಟೇ ಅಲ್ಲ, ಆ 180 ಕಿಲೋ ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ ಕೂತಿರುತ್ತದೆ. ಅಂತರ 1.3 ಮೀಟರ್, ಎರಡು ಆಕ್ಸಲ್ ನಡುವೆ 3.1 ಮೀಟರ್ ಇದ್ದರೆ (ಹೈಲಕ್ಸ್, ವಿ-ಕ್ರಾಸ್ ಎರಡೂ ಹೆಚ್ಚೂಕಡಿಮೆ ಇಷ್ಟೇ) ಸನ್ನೆಯ ಲೆಕ್ಕದಲ್ಲಿ ಮುಂದಿನ ಚಕ್ರಗಳ ಮೇಲಿಂದ 75 ಕಿಲೋ ಎದ್ದುಹೋಗುತ್ತದೆ, ಹಿಂದಿನವುಗಳ ಮೇಲೆ 255 ಕಿಲೋ ಬೀಳುತ್ತದೆ. ಸ್ಟೇರಿಂಗ್ ಹಗುರ ಅನ್ನಿಸುತ್ತದೆ. ಒದ್ದೆ ತಿರುವಿನಲ್ಲಿ ಹಗುರ ಸ್ಟೇರಿಂಗ್ ಒಳ್ಳೆಯದಲ್ಲ. ‘ಹಿಂದೆ ಎರಡು ಪ್ಲೇಟ್ ಜಾಸ್ತಿ ಹಾಕಿಸಿದ್ರೆ ಆಯ್ತು ಅಣ್ಣ’ ಎನ್ನುವ ಸಲಹೆ ಗ್ಯಾರೇಜಿನಲ್ಲಿ ಸಿಗುತ್ತದೆ. ಸ್ಪ್ರಿಂಗ್ ಪ್ಲೇಟ್ ಹಾಕಿಸಿದರೆ ಬಾಲ ಮೇಲೇಳುತ್ತದೆ, ನಿಜ. ಮುಂದಿನ ಚಕ್ರಕ್ಕೆ ಕಳೆದುಹೋದ ಭಾರ ವಾಪಸ್ ಬರುವುದಿಲ್ಲ. ಆಕ್ಸಲ್ಲಿನ, ಬ್ರೇಕಿನ, ಟಯರಿನ ತಾಕತ್ತೂ ಹೆಚ್ಚುವುದಿಲ್ಲ. ಭಾರವನ್ನು ಮುಂದಕ್ಕೆ ಹಂಚಲೆಂದೇ ಸ್ಪ್ರಿಂಗ್ ಸರಳುಗಳಿರುವ ಬೇರೆ ಬಗೆಯ ಹಿಚ್ (ಕೊಕ್ಕೆಯ ಜೋಡಣೆ) ಇದೆ. ಅದನ್ನು ಹಾಕಿಸುವ ಮುಂಚೆ ಪಿಕಪ್ ಕಂಪನಿಯವರು ಒಪ್ಪುತ್ತಾರೆಯೇ ಎಂದು ಕೇಳಬೇಕು.

ಕೊಕ್ಕೆಯ ಭಾರ ಅಳೆಯಲು ತೋಟದವರಿಗೆ ಒಂದು ಅನುಕೂಲ ಇದೆ. ಕುಯ್ಲಿನ ಕಾಲದಲ್ಲಿ ಹಣ್ಣು ತೂಗುವ ಯಂತ್ರ ಮನೆಯಲ್ಲೇ ಇರುತ್ತದೆ. ಟ್ರೈಲರ್ ತುಂಬಿಸಿ, ಸಮತಟ್ಟಾದ ಕಣದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡ ಕಲ್ಲು ಕೊಟ್ಟು, ಕೊಕ್ಕೆಯ ಭಾಗವನ್ನು ಎಳೆಯುವಾಗ ಇರುವ ಎತ್ತರದಲ್ಲೇ ತೂಕದ ಯಂತ್ರದ ಮೇಲೆ ಕೂರಿಸಿ. ಯಂತ್ರದ ಮಿತಿ ಮಾತ್ರ ಮೊದಲೇ ನೋಡಿಕೊಳ್ಳಿ.

ಕೊಕ್ಕೆಯ ಭಾರ ತೀರ ಕಡಿಮೆಯಾದರೆ ಏನಾಗುತ್ತದೆ ಎಂಬುದು ಘಾಟಿಯಲ್ಲಿ ಗೊತ್ತಾಗುವುದಿಲ್ಲ, ಕುಶಾಲನಗರ ದಾಟಿ ಮೈಸೂರಿನ ನೇರ ರಸ್ತೆಗೆ ಬಿದ್ದಾಗ ಗೊತ್ತಾಗುತ್ತದೆ. ಲಾರಿಯೊಂದು ಹಿಂದಿಕ್ಕಿದಾಗ ಅದರ ಗಾಳಿ ಟ್ರೈಲರನ್ನು ಬದಿಗೆ ತಳ್ಳುತ್ತದೆ. ಟ್ರೈಲರ್ ಆ ಕಡೆ ಈ ಕಡೆ ಓಲಾಡಲು ಶುರು. ಟಯರ್‌ಗಳು ಈ ಓಲಾಟವನ್ನು ತಣಿಸುತ್ತವೆ, ಆದರೆ ವೇಗ ಹೆಚ್ಚಿದಂತೆ ತಣಿಸುವ ಬಲ ಕುಗ್ಗುತ್ತದೆ. ಒಂದು ವೇಗ ದಾಟಿದ ಮೇಲೆ ಪ್ರತಿ ಓಲಾಟ ಹಿಂದಿನದಕ್ಕಿಂತ ದೊಡ್ಡದಾಗುತ್ತದೆ. ಭಾರ ಹಿಂದಕ್ಕೆ ಸರಿದಷ್ಟೂ ಆ ಗಡಿ ಕೆಳಗಿಳಿಯುತ್ತದೆ. ಟ್ರೈಲರ್‌ನ ಹಿಂಬದಿಗೆ ನೀರಿನ ಡ್ರಮ್ಮು, ಬೈಕು ಕಟ್ಟುವವರು ಇದನ್ನು ಯೋಚಿಸಬೇಕು. ಓಲಾಟ ಶುರುವಾದರೆ ಸ್ಟೇರಿಂಗ್ ನೇರ ಹಿಡಿದು, ಆಕ್ಸಿಲರೇಟರ್ ಬಿಟ್ಟು, ಟ್ರೈಲರ್‌ನ ಬ್ರೇಕ್ ಮಾತ್ರ ಕೈಯಿಂದ ಹಿಡಿಯಬೇಕು. ವೇಗ ಹೆಚ್ಚಿಸಿ ಎಳೆದು ನೇರ ಮಾಡುತ್ತೇನೆ ಎನ್ನುವುದು ಅಪಾಯ.

ಕಣ್ಣೂರಿನ ದಾರಿಯ ಮಾಕುಟ್ಟ ಘಾಟಿಯ ತಿರುವುಗಳಲ್ಲಿ ಬೇರೆಯೇ ತೊಂದರೆ. ಮುಂದಿನ ಚಕ್ರ 8 ಮೀಟರ್ ತ್ರಿಜ್ಯದಲ್ಲಿ ತಿರುಗಿದರೆ, ಕೊಕ್ಕೆಯಿಂದ 4 ಮೀಟರ್ ಹಿಂದಿರುವ ಟ್ರೈಲರ್ ಚಕ್ರ ಸುಮಾರು 1.7 ಮೀಟರ್ ಒಳಗೆ ನುಗ್ಗಿ ಸಾಗುತ್ತದೆ. ಒಳಗೆ ಚರಂಡಿ. ಹೊರಗೆ ತಿರುಗಿಸೋಣ ಎಂದರೆ ಎದುರು ಬಸ್ಸು. ಇಲ್ಲಿ ಎಂಜಿನ್ ಎಷ್ಟಿದ್ದರೇನು, ಟ್ರೈಲರ್ ಗಿಡ್ಡ ಇದ್ದವನೇ ಗೆದ್ದ.

ಬ್ರೋಷರಿನ ‘ಟೋಯಿಂಗ್ ಕೆಪ್ಯಾಸಿಟಿ’, ಅಂದರೆ ಎಳೆಯುವ ಮಿತಿ, ನಂಬಬಹುದೇ? ಅಮೆರಿಕದಲ್ಲಿ ಒಂದು ಕಾಲಕ್ಕೆ ಕಂಪನಿಗಳು ತಮಗೆ ತೋಚಿದಂತೆ ಈ ಅಂಕಿ ಬರೆಯುತ್ತಿದ್ದವು. 2008ರಲ್ಲಿ ಎಸ್‌ಎಇ ಎಂಬ ಎಂಜಿನಿಯರುಗಳ ಸಂಘ ಜೆ2807 ಎಂಬ ಸಮಾನ ಪರೀಕ್ಷೆಯನ್ನು ರೂಪಿಸಿತು. ಮೊದಲು ಒಪ್ಪಿದ್ದು ಟೊಯೋಟಾ, 2011ರ ಟುಂಡ್ರಾ ಪಿಕಪ್‌ಗೆ. ಅರಿಜೋನಾದ ಡೇವಿಸ್ ಡ್ಯಾಮ್ ಬಳಿಯ 18 ಕಿಲೋಮೀಟರ್ ಏರನ್ನು 38 ಡಿಗ್ರಿ ಬಿಸಿಲಿನಲ್ಲಿ, ಎಸಿ ಹಾಕಿಕೊಂಡೇ, ವೇಗ 64 ಕಿಲೋಮೀಟರ್‌ಗಿಂತ ಇಳಿಯದಂತೆ ಹತ್ತಬೇಕು. ಒಳ್ಳೆಯ ಪರೀಕ್ಷೆ. ಆದರೆ ಅದರ ಲೆಕ್ಕದಲ್ಲಿ ಗಾಡಿಯಲ್ಲಿರುವವರು ಇಬ್ಬರೇ, ತಲಾ 68 ಕಿಲೋ. ನಮ್ಮ ಮನೆಗಳಲ್ಲಿ ಇಬ್ಬರೇ ಪ್ರವಾಸ ಹೊರಟದ್ದುಂಟೇ? ಆಸ್ಟ್ರೇಲಿಯಾದಲ್ಲಿ ಫೋರ್ ವೀಲ್ ಡ್ರೈವ್ ಹೈಲಕ್ಸ್‌ಗೆ 3,500 ಕಿಲೋ ಎಂದಿದೆಯಲ್ಲ ಎಂದು ವಾದಿಸುವವರಿಗೆ ಒಂದೇ ಮಾತು: ಆ ಅಂಕಿ ಆ ದೇಶದ ಗಾಡಿಯದು. ಇಲ್ಲಿ ಮಾರುವ ಗಾಡಿಗೆ ಎಷ್ಟು ಎಂಬುದನ್ನು, ಕೊಕ್ಕೆಯ ಮೇಲಿನ ಮಿತಿಯನ್ನೂ ಸೇರಿಸಿ, ಕಂಪನಿಯಿಂದ ಬರವಣಿಗೆಯಲ್ಲೇ ಪಡೆಯಿರಿ.

ನನ್ನನ್ನು ಕೇಳಿದರೆ ಕೊಡಗಿನ ಸಂಸಾರಕ್ಕೆ ತುಂಬಿದಾಗಲೂ 1,200 ಕಿಲೋ ದಾಟದ, ವಿದ್ಯುತ್ ಬ್ರೇಕ್ ಇರುವ ಗಿಡ್ಡ ಟ್ರೈಲರನ್ನು ಮೊದಲು ಆರಿಸಿ, ಅದಕ್ಕೆ ಹೊಂದುವ ಪಿಕಪ್ಪನ್ನು ಆಮೇಲೆ ನೋಡುವುದು ಸರಿ. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. ಹಿಚ್ ಬೋಲ್ಟ್ ಹಾಕಿದ ಜಾಗದಲ್ಲಿ ಚಾಸಿ ಬಿರುಕು ಬಿಟ್ಟಿದೆಯೇ, ಬ್ರೇಕ್ ಆಯಿಲ್ ಕಪ್ಪಾಗಿದೆಯೇ ನೋಡಿ. ತುಂಬಿಸಿದ ಮೇಲೆ ಎರಡನ್ನೂ ಒಟ್ಟಿಗೆ ವೇಬ್ರಿಜ್ ಹತ್ತಿಸಿ, ಆಕ್ಸಲ್ ಆಕ್ಸಲ್ ಬೇರೆ ಮಾಡಿ ತೂಗಿಸಿ. ಟ್ರೈಲರ್‌ನ ಟಯರ್‌ಗಳನ್ನೂ ಮರೆಯಬೇಡಿ. ವರ್ಷವಿಡೀ ಶೆಡ್ಡಿನಲ್ಲಿ ನಿಂತಿರುವುದರಿಂದ ಗೆರೆ ಹೊಸದರಂತೆ ಕಂಡರೂ ರಬ್ಬರ್ ಒಳಗೊಳಗೇ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ. 3219 ಎಂದಿದ್ದರೆ ಅದು 2019ರ 32ನೇ ವಾರದಲ್ಲಿ ತಯಾರಾದದ್ದು. ಅಂಥ ಟಯರ್ ಹಾಕಿಕೊಂಡು ಸಂಪಾಜೆ ಇಳಿಯಲು ನಾನಂತೂ ಹೊರಡುವುದಿಲ್ಲ.