ಓದುಗರ ಪ್ರಶ್ನೆ: ಅಚ್ಚು ಹಾಕಿದ್ದು ಎಂದಮೇಲೆ ಅದು ನಕಲೇ ಅಲ್ಲವೇ?

ಪ್ರಶ್ನೆ: ಜಪಾನಿನ ಕಲಾವಿದ ಯೋಶಿತೋಮೊ ನಾರಾ ಅವರ ಪುಟ್ಟ ಹುಡುಗಿಯ ಚಿತ್ರವೊಂದು ‘ಲಿಮಿಟೆಡ್ ಎಡಿಷನ್ ಪ್ರಿಂಟ್’ ಎಂದು ಮಾರಾಟಕ್ಕಿರುವುದನ್ನು ನೋಡಿದೆ. ಕೆಳಗಿನ ಅಂಚಿನಲ್ಲಿ ಪೆನ್ಸಿಲ್ಲಿನಿಂದ 12/50 ಎಂದು ಬರೆದಿತ್ತು. ಪ್ರಿಂಟ್ ಎಂದರೆ ನಕಲೇ ತಾನೆ? ಅದಕ್ಕೇಕೆ ಅಷ್ಟು ಬೆಲೆ?

ಉತ್ತರ: ಈ ಅನುಮಾನ ಸಹಜವಾದದ್ದು. ನಮ್ಮ ಹಿರಿಯರ ಮನೆಗಳಲ್ಲಿ ತೂಗುತ್ತಿದ್ದ ರವಿವರ್ಮರ ಲಕ್ಷ್ಮಿ, ಸರಸ್ವತಿಯರ ಅಚ್ಚುಚಿತ್ರಗಳನ್ನು ನೋಡುತ್ತ ಬೆಳೆದವರಿಗೆ, ಮೂಲ ತೈಲಚಿತ್ರ ಯಾವುದೋ ಅರಮನೆಯಲ್ಲಿದೆ, ಮನೆಗೆ ಬಂದದ್ದು ಅದರ ಪ್ರತಿ ಎಂಬ ತಿಳಿವಳಿಕೆ ತಾನಾಗಿಯೇ ಬಂದಿರುತ್ತದೆ. ರವಿವರ್ಮರ ಮಟ್ಟಿಗೆ ಅದು ಬಹುಪಾಲು ನಿಜವೂ ಹೌದು. ಆದರೆ ಕಲಾವಿದನೇ ಅಚ್ಚಿಗೆಂದು ರೂಪಿಸಿದ ಚಿತ್ರಕ್ಕೆ ಬೇರೆಲ್ಲೂ ಮೂಲವಿರುವುದಿಲ್ಲ. ಐವತ್ತು ಪ್ರತಿ ತೆಗೆದರೆ ಆ ಐವತ್ತೂ ಮೂಲಗಳೇ. 12/50 ಎಂದರೆ ಐವತ್ತರಲ್ಲಿ ಹನ್ನೆರಡನೆಯ ಸಂಖ್ಯೆಯ ಹಾಳೆ, ಅಷ್ಟೇ. ಒಂದನೆಯದು ಐವತ್ತನೆಯದಕ್ಕಿಂತ ಶ್ರೇಷ್ಠ ಎಂದೇನೂ ಅದರ ಅರ್ಥವಲ್ಲ. ಇವುಗಳ ಹೊರತಾಗಿ ಕಲಾವಿದ ತನಗೆಂದು ಇರಿಸಿಕೊಳ್ಳುವ ಕೆಲವು ಪ್ರತಿಗಳ ಮೇಲೆ ಎ.ಪಿ. (ಆರ್ಟಿಸ್ಟ್ಸ್ ಪ್ರೂಫ್, ಅಂದರೆ ಕಲಾವಿದನ ಪ್ರತಿ) ಎಂಬ ಗುರುತಿರುತ್ತದೆ.

ನಾರಾ ಅವರ ಒಂದು ಬಗೆಯ ಪ್ರಿಂಟ್‌ಗಳು ಜಪಾನಿನ ಹಳೆಯ ಮರದಚ್ಚಿನ ಪದ್ಧತಿಯಲ್ಲಿ, ನ್ಯೂಯಾರ್ಕಿನ ಪೇಸ್ ಪ್ರಿಂಟ್ಸ್ ಕಾರ್ಯಾಗಾರದಲ್ಲಿ ತಯಾರಾದವು. ಈ ಪದ್ಧತಿಯಲ್ಲಿ ಸಾಮಾನ್ಯವಾಗಿ ಒಂದೊಂದು ಬಣ್ಣಕ್ಕೂ ಪ್ರತ್ಯೇಕವಾಗಿ ಹಲಗೆ ಕೊರೆಯಬೇಕು. ಕೊರೆದ ಮೈಗೆ ನೀರಿನಲ್ಲಿ ಕಲಸಿದ ಬಣ್ಣವನ್ನು ಕುಂಚದಿಂದ ಹಚ್ಚಿ, ಅದರ ಮೇಲೆ ತೇವವಿರುವ ಕೈಕಾಗದವನ್ನು ಹಾಸಿ, ಬಿದಿರಿನ ಸಿಪ್ಪೆ ಸುತ್ತಿದ ‘ಬಾರೆನ್’ ಎಂಬ ದುಂಡನೆಯ ಬಿಲ್ಲೆಯಿಂದ ಕಾಗದದ ಬೆನ್ನನ್ನು ಉಜ್ಜುತ್ತಾರೆ. ಮುಂದಿನ ಬಣ್ಣ ಕೂದಲೆಳೆಯಷ್ಟೂ ಸರಿಯದಂತೆ ಕೂರಲೆಂದು ಹಲಗೆಯ ಅಂಚಿನಲ್ಲಿ ‘ಕೆಂಟೊ’ ಎಂಬ ಕಚ್ಚುಗಳಿರುತ್ತವೆ. ಕಾಗದದ ಮೂಲೆಯನ್ನು ಪ್ರತಿ ಸಲವೂ ಅದೇ ಕಚ್ಚಿಗೆ ಕೂರಿಸಬೇಕು. ಹೀಗೆ ತೆಗೆದ ಹಾಳೆಯನ್ನು ತಿರುವಿ ನೋಡಿದರೆ ಬಣ್ಣ ಕಾಗದದೊಳಕ್ಕೆ ಇಳಿದು ಹಿಂಬದಿಯಲ್ಲಿಯೂ ಮಸುಕಾಗಿ ಕಾಣುವುದುಂಟು. ಇಷ್ಟು ಕೈಕೆಲಸ ಸೇರಿದ ವಸ್ತುವನ್ನು ನಕಲು ಎನ್ನಲು ನನಗಂತೂ ಮನಸ್ಸು ಬಾರದು.

ಹಾಗಾದರೆ ಬೆಲೆಯೆಲ್ಲ ಕೈಕೆಲಸಕ್ಕೇ ಸಲ್ಲುತ್ತದೆಯೇ? ಇಲ್ಲಿ ನಾರಾ ಅವರೇ ಒಂದು ತೊಡಕನ್ನು ತಂದಿಟ್ಟಿದ್ದಾರೆ. 1999ರಲ್ಲಿ ಅವರು ಉಕಿಯೊ-ಎ ಎಂಬ ಹಳೆಯ ಮರದಚ್ಚಿನ ಚಿತ್ರಗಳ ಮುದ್ರಿತ ಪುಟಗಳ ಮೇಲೆಯೇ ತಮ್ಮ ಚಿತ್ರಗಳ ತುಂಟ ಮಕ್ಕಳನ್ನು ಬಿಡಿಸಿ 16 ಚಿತ್ರಗಳ ಸರಣಿಯೊಂದನ್ನು ಮಾಡಿದರು. ಅದರ 50 ಪ್ರತಿಗಳು ಬಂದದ್ದು ಕಲರ್ ಜೆರಾಕ್ಸ್ ಯಂತ್ರದಿಂದ! ಆ ಹಾಳೆಗಳನ್ನೂ ಇಂದು ಮೂಲ ಕೃತಿಗಳೆಂದೇ ಸಂಗ್ರಾಹಕರು ಕೊಳ್ಳುತ್ತಾರೆ. ಈ ಚಿತ್ರ ಹೀಗೆಯೇ ಇರಲಿ, ಇಷ್ಟೇ ಇರಲಿ ಎಂಬ ಕಲಾವಿದನ ತೀರ್ಮಾನ ಮತ್ತು ಆ ತೀರ್ಮಾನಕ್ಕೆ ಸಾಕ್ಷಿಯಾದ ಸಹಿಯೇ ಒಂದು ಹಾಳೆಯನ್ನು ಮೂಲವಾಗಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನು ಬೇಡಿಕೆಯ ಮಾತು. 2019ರ ಅಕ್ಟೋಬರಿನಲ್ಲಿ ಹಾಂಗ್‌ಕಾಂಗ್‌ನ ಸದಬೀಸ್ ಹರಾಜಿನಲ್ಲಿ ನಾರಾ ಅವರ ‘ನೈಫ್ ಬಿಹೈಂಡ್ ಬ್ಯಾಕ್’ ಎಂಬ 2000ದ ವರ್ಣಚಿತ್ರ ಸುಮಾರು 19.57 ಕೋಟಿ ಹಾಂಗ್‌ಕಾಂಗ್ ಡಾಲರಿಗೆ ಮಾರಾಟವಾಯಿತು. ಅಂಥ ಚಿತ್ರವನ್ನು ಕೊಳ್ಳಲಾಗದವರು ಪ್ರಿಂಟ್‌ಗಳತ್ತ ಬರುತ್ತಾರೆ. ಐವತ್ತು ಹಾಳೆಗೆ ನೂರಾರು ಕೈಗಳು ಚಾಚುತ್ತವೆ. ಆ ವರ್ಣಚಿತ್ರದಲ್ಲಿ ಕೆಂಪು ಅಂಗಿಯ ಹುಡುಗಿಯೊಬ್ಬಳು ಒಂದು ಕೈಯನ್ನು ಬೆನ್ನ ಹಿಂದೆ ಮರೆಮಾಡಿಕೊಂಡು ನಮ್ಮನ್ನೇ ದುರುಗುಟ್ಟಿ ನೋಡುತ್ತಾಳೆ. ಚಾಕು ಎಲ್ಲಿಯೂ ಕಾಣುವುದಿಲ್ಲ, ಅದು ಇರುವುದು ಹೆಸರಿನಲ್ಲಿ ಮಾತ್ರ. 1959ರಲ್ಲಿ ಉತ್ತರ ಜಪಾನಿನ ಹಿಮದ ಸೀಮೆಯ ಹಿರೊಸಾಕಿಯಲ್ಲಿ ಹುಟ್ಟಿದ ನಾರಾ, ಅಪ್ಪ ಅಮ್ಮ ಇಬ್ಬರೂ ದುಡಿಯಲು ಹೋದ ಮೇಲೆ ಮನೆಯಲ್ಲಿ ಒಂಟಿಯಾಗಿ, ಹತ್ತಿರದ ಅಮೆರಿಕನ್ ಸೇನಾನೆಲೆಯ ರೇಡಿಯೊ ಹಾಡುಗಳನ್ನು ಕೇಳುತ್ತ ಬೆಳೆದವರು. 1988ರಲ್ಲಿ ಓದಲೆಂದು ಜರ್ಮನಿಗೆ ಹೋದಾಗ, ಭಾಷೆ ಬಾರದ ಊರಿನಲ್ಲಿ ಆ ಒಂಟಿತನವೇ ಮತ್ತೆ ಎದುರಾಯಿತು. ದೊಡ್ಡ ತಲೆ, ಓರೆಗಣ್ಣು, ಗಿಡ್ಡ ಕೈಗಳ ಆ ಮಕ್ಕಳನ್ನು ಕೇವಲ ಮುದ್ದು ಗೊಂಬೆಗಳೆಂದು ನೋಡಿದರೆ ಅರ್ಧ ಚಿತ್ರವನ್ನು ಮಾತ್ರ ನೋಡಿದಂತೆ.

ಕೊಳ್ಳುವ ಯೋಚನೆಯಿದ್ದರೆ ಒಂದು ಭೂತಗನ್ನಡಿ ಜೊತೆಗಿರಲಿ. ಮರದಚ್ಚು ಎಂದು ಹೇಳಿದ ಹಾಳೆಯಲ್ಲಿ ಪತ್ರಿಕೆಯ ಫೋಟೊಗಳಲ್ಲಿರುವಂತೆ ಸಾಲುಗಟ್ಟಿದ ಬಣ್ಣದ ಚುಕ್ಕಿಗಳು ಕಂಡರೆ ಅದು ಆಫ್‌ಸೆಟ್ ಮುದ್ರಣ, ಅಂದರೆ ಹೇಳಿದ್ದು ಸುಳ್ಳು. ಸಹಿಯನ್ನು ಓರೆ ಬೆಳಕಿಗೆ ಹಿಡಿದು ನೋಡಿ: ಪೆನ್ಸಿಲ್ಲಿನ ಗೆರೆ ಕಾಗದವನ್ನು ತುಸುವಾದರೂ ಒತ್ತಿರುತ್ತದೆ, ಗ್ರಾಫೈಟ್ ಮಿನುಗುತ್ತದೆ, ಅಚ್ಚಾದ ಸಹಿ ಸಪಾಟಾಗಿರುತ್ತದೆ. ಸಹಿಯನ್ನೂ ಕೃತಕವಾಗಿ ಮಾಡುವವರಿರುವುದರಿಂದ, ಮೊದಲ ಮಾರಾಟದಿಂದ ಈವರೆಗಿನ ರಸೀದಿಗಳನ್ನು ಕೇಳಿ ಪಡೆಯಿರಿ. ತೋರಿಸಲು ಮಾರುವವರು ಹಿಂಜರಿದರೆ ಕೊಳ್ಳುವ ಆಲೋಚನೆಯನ್ನು ಅಲ್ಲಿಗೇ ಕೈಬಿಡಿ.