ಎರಡು ಪುಟ್ಟ ಮಕ್ಕಳಿದ್ದಾರೆ, ಸ್ಪೋರ್ಟ್ಸ್ ಕಾರಿನ ಆಸೆಯೂ ಇದೆ: ಯಾವುದು ತಗೊಳ್ಳಲಿ?

ಪ್ರಶ್ನೆ: ಕಾಲೇಜು ದಿನಗಳಿಂದ ಸ್ಪೋರ್ಟ್ಸ್ ಕಾರಿನ ಹುಚ್ಚು. ಈಗ ಹೇಗೋ ದುಡ್ಡು ಹೊಂದಿಸಬಹುದು. ಆದರೆ ದೊಡ್ಡವನಿಗೆ 4 ವರ್ಷ, ಚಿಕ್ಕವಳಿಗೆ 8 ತಿಂಗಳು. ಇಬ್ಬರನ್ನೂ ಕೂರಿಸಿಕೊಂಡು ಓಡಾಡುವಂಥ ಸ್ಪೋರ್ಟ್ಸ್ ಕಾರು ಇದೆಯಾ? ಬೆಂಗಳೂರಿನಲ್ಲಿ ಇರೋದು, ಮನೆಗೆ ಒಂದೇ ಕಾರು.

ಉತ್ತರ: ಇದೆ. ಆದರೆ ನಾಲ್ಕು ಬಾಗಿಲಿನದ್ದು ತಗೊಳ್ಳಿ. ಎರಡು ಬಾಗಿಲಿನ ಕೂಪೆ ಈಗ ಬೇಡ, ಮೂರು ವರ್ಷ ಕಳೆದ ಮೇಲೆ ನೋಡೋಣ.

ಮೂರು ವರ್ಷದ ಲೆಕ್ಕ ಯಾಕೆ ಅಂತ ಕೇಳ್ತೀರಿ. ಈ ಪ್ರಶ್ನೆ ಕೇಳುವವರೆಲ್ಲ ಎಂಜಿನ್ನಿಂದ ಶುರು ಮಾಡುತ್ತಾರೆ, ಶುರು ಮಾಡಬೇಕಾದದ್ದು ಮಗುವಿನ ವಯಸ್ಸಿನಿಂದ. ಮಗು ಚಿಕ್ಕದು, ಜಾಗ ಕಡಿಮೆ ಸಾಕು ಅಂತ ನಮ್ಮ ಅಂದಾಜು. ಕಾರಿನೊಳಗೆ ಇದು ತಲೆಕೆಳಗು. 8 ತಿಂಗಳ ಮಗುವಿನ ಸೀಟು ನುಂಗುವಷ್ಟು ಜಾಗವನ್ನು 8 ವರ್ಷದ ಹುಡುಗ ನುಂಗುವುದಿಲ್ಲ. ಕೂಸಿನ ತಲೆ ಭಾರ, ಕತ್ತು ಎಳಸು, ಹಾಗಾಗಿ ಅದರ ಸೀಟು ಕಾರಿನ ಹಿಂಭಾಗಕ್ಕೆ ಮುಖ ಮಾಡಿಯೇ ಇರಬೇಕು. ಮಕ್ಕಳ ಕಾರ್ ಸೀಟಿಗಿರುವ ಯುರೋಪಿನ ಆರ್129 ನಿಯಮದ ಪ್ರಕಾರ ಕನಿಷ್ಠ 15 ತಿಂಗಳವರೆಗೆ ಹೀಗೇ ಕೂರಿಸಬೇಕು, ಇನ್ನೂ ಜಾಸ್ತಿ ದಿನ ಕೂರಿಸಿದರೆ ಒಳ್ಳೆಯದೇ. ಈ ಸೀಟಿನ ಬೆನ್ನು ಓರೆಯಾಗಿ ಮುಂದಕ್ಕೆ ಚಾಚಿಕೊಂಡಿರುತ್ತದೆ. ಅದಕ್ಕೆ ಜಾಗ ಬಿಡಬೇಕಾದರೆ ಮುಂದಿನ ಸೀಟನ್ನು ಎಳೆಯಬೇಕು, ಎಷ್ಟು ಎಳೆಯಬೇಕಾಗುತ್ತದೆ ಅಂದರೆ ಚಿಕ್ಕ ಕಾರಿನಲ್ಲಿ ಮುಂದೆ ಕೂತವರ ಮಂಡಿ ಡ್ಯಾಶ್‌ಬೋರ್ಡಿಗೆ ತಾಗುತ್ತದೆ. ನಿಮ್ಮ ಹೆಂಡತಿ ಎಷ್ಟು ದಿನ ಸಹಿಸಿಕೊಂಡಾರು ಹೇಳಿ.

ಇನ್ನು ಎರಡು ಬಾಗಿಲಿನ ಕಾರಿನಲ್ಲಿ ಮಗುವನ್ನು ಒಳಗೆ ಕೂರಿಸುವ ಕೆಲಸ. ಮುಂದಿನ ಸೀಟನ್ನು ಮಡಚಿ, ಸೊಂಟ ಬಗ್ಗಿಸಿ, ನಿದ್ದೆ ಹತ್ತಿದ ಮಗುವನ್ನು ಕೈಯಲ್ಲಿ ಹಿಡಿದು ಆ ಸಂದಿಯಿಂದ ತೂರಿಸಿ, ಒಂದೇ ಕೈಯಲ್ಲಿ ಐದು ಕಡೆಯ ಬೆಲ್ಟು ಸೇರಿಸಿ ಕ್ಲಿಕ್ ಅನ್ನಿಸಬೇಕು. ಎರಡು ಬಾಗಿಲಿನ ಕಾರಿನ ಬಾಗಿಲು ಉದ್ದ ಬೇರೆ. ನಮ್ಮ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಪಕ್ಕದ ಕಾರಿಗೂ ನಿಮ್ಮದಕ್ಕೂ ನಡುವೆ ಅದನ್ನು ಪೂರ್ತಿ ತೆಗೆಯೋಕೆ ಜಾಗ ಎಲ್ಲಿದೆ?

ಅದೇ ಮಕ್ಕಳು 4 ವರ್ಷ ದಾಟಿದರೆ ಕಥೆ ಬೇರೆ. ತಾವೇ ಹತ್ತಿ ಒಳಗೆ ನುಗ್ಗುತ್ತಾರೆ, ಅವರಿಗೆ ಅದೊಂದು ಆಟ. ಮುಂದಕ್ಕೆ ಮುಖ ಮಾಡಿ ಕೂರುತ್ತಾರೆ. ಆಮೇಲೆ ಬೂಸ್ಟರ್ ಸೀಟು, ಅಂದರೆ ಕಾರಿನ ಬೆಲ್ಟೇ ಸರಿಯಾಗಿ ಬರುವಂತೆ ಮಗುವನ್ನು ಎತ್ತರಿಸುವ ಸೀಟು, ಅದಕ್ಕೆ ಜಾಗ ಜಾಸ್ತಿ ಬೇಡ. ಹಾಗಾಗಿ ಪೋರ್ಷೆ 911 ಥರದ ಕಾರುಗಳ ಹಿಂದಿರುವ ಎರಡು ಪುಟಾಣಿ ಸೀಟು ನಿಜಕ್ಕೂ ಕೆಲಸಕ್ಕೆ ಬರೋದು ಹೆಚ್ಚುಕಮ್ಮಿ 4ರಿಂದ 9 ವರ್ಷದ ಮಕ್ಕಳಿಗೆ. ಅದಕ್ಕೆ ಮುಂಚೆ ಮಗುವಿನ ಸೀಟು ಹಿಡಿಸದು, ಅದಾದ ಮೇಲೆ ಮಕ್ಕಳ ಕಾಲು ಹಿಡಿಸದು. ಮೂರು ವರ್ಷಕ್ಕೆ ನಿಮ್ಮ ಚಿಕ್ಕವಳು 4ರ ಹತ್ತಿರ ಬರುತ್ತಾಳೆ, ದೊಡ್ಡವನಿಗೆ 7. ಆಗ ಆಸೆ ತೀರಿಸಿಕೊಳ್ಳಿ. ಒಂದು ಎಚ್ಚರ: 2024ರಲ್ಲಿ ಬಂದ ಹೊಸ 911 ಕೂಪೆಯನ್ನು ಪೋರ್ಷೆ ಎರಡೇ ಸೀಟಿನದ್ದಾಗಿ ಕೊಡುತ್ತದೆ. ಹಿಂದಿನ ಸೀಟು ಬೇಕೆಂದು ಆರ್ಡರ್ ಮಾಡುವಾಗಲೇ ಹೇಳಬೇಕು. ಅದಕ್ಕೆ ಬೇರೆ ದುಡ್ಡಿಲ್ಲ, ಆದರೆ ಮರೆತರೆ ಮಕ್ಕಳು ಮನೆಯಲ್ಲೇ.

ಸೆಕೆಂಡ್ ಹ್ಯಾಂಡ್ ಫೋರ್ಡ್ ಮಸ್ಟ್ಯಾಂಗ್ ಬಗ್ಗೆಯೂ ತುಂಬಾ ಜನ ಕೇಳುತ್ತಾರೆ. ವಿ8 ಎಂಜಿನ್, ನಾಲ್ಕು ಸೀಟು, ಇನ್ನೇನು ಬೇಕು ಅಂತ. 2017ರ ಆರಂಭದಲ್ಲಿ, ಕಾರುಗಳನ್ನು ಗುದ್ದಿಸಿ ಸುರಕ್ಷತೆ ಅಳೆಯುವ ಯುರೋ ಎನ್‌ಕ್ಯಾಪ್ ಆ ಕಾರಿಗೆ ಕೊಟ್ಟದ್ದು 5ರಲ್ಲಿ 2 ಸ್ಟಾರ್, ಮಕ್ಕಳ ಸುರಕ್ಷತೆಗೆ ಬರೀ 32 ಶೇಕಡ. ಹಿಂದಿನ ಸೀಟಿನ ಬೆಲ್ಟಿನಲ್ಲಿ ಪ್ರಿಟೆನ್ಶನರ್ ಇರಲಿಲ್ಲ, ಗುದ್ದಿದ ಕ್ಷಣಕ್ಕೆ ಬೆಲ್ಟನ್ನು ಬಿಗಿ ಮಾಡುವ ಸಾಧನ ಅದು. ಅದೇ ವರ್ಷ ತಿದ್ದಿದ ಮಾದರಿ 3 ಸ್ಟಾರ್‌ಗೆ ಏರಿತು, ಅಷ್ಟೇ. ಹಿಂದೆ ಮಕ್ಕಳನ್ನು ಕೂರಿಸುವುದೇ ಆದರೆ ಆ ಕಾಲದ ಮಸ್ಟ್ಯಾಂಗ್ ನಾನಂತೂ ತಗೊಳ್ಳಲ್ಲ.

ಸರಿ, ಈಗ ತಗೊಳ್ಳುವಂಥವು. 20 ಲಕ್ಷದ ಆಸುಪಾಸು ಬಜೆಟ್ ಇದ್ದರೆ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ, 1.5 ಟಿಎಸ್‌ಐ ಎಂಜಿನ್ನಿನದು. 150 ಪಿಎಸ್ ಶಕ್ತಿ (ಪಿಎಸ್ ಅಂದರೆ ಹೆಚ್ಚುಕಮ್ಮಿ ಅಶ್ವಶಕ್ತಿ), ಎಳೆಯುವ ಬಲ 250 ಎನ್‌ಎಂ, 521 ಲೀಟರ್ ಡಿಕ್ಕಿ. 2023ರ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊಡ್ಡವರಿಗೂ ಮಕ್ಕಳಿಗೂ 5 ಸ್ಟಾರ್ ಬಂದಿದೆ. ಇದನ್ನು ಸ್ಪೋರ್ಟ್ಸ್ ಕಾರು ಅಂದರೆ ನಗುವವರು ನಗಲಿ, ಶಿರಾಡಿ ಘಾಟಿಯಲ್ಲಿ ಲಾರಿ ದಾಟುವಾಗ ನಗು ಬರುವುದು ನಿಮಗೆ. ಹ್ಯುಂಡೈ ವರ್ನಾ ಟರ್ಬೋ 160 ಪಿಎಸ್, ಅದಕ್ಕೂ ಎರಡರಲ್ಲೂ 5 ಸ್ಟಾರ್ ಇದೆ, ಆದರೆ ಸ್ಟೀರಿಂಗ್ ಹಿಡಿದ ಖುಷಿ ವರ್ಟಸ್‌ನಲ್ಲೇ ಜಾಸ್ತಿ ಅಂತ ನನ್ನ ಅನಿಸಿಕೆ. 50 ಲಕ್ಷದ ಮಟ್ಟದಲ್ಲಿ ನನ್ನ ಮೊದಲ ಆಯ್ಕೆ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 265 ಪಿಎಸ್, 600 ಲೀಟರ್ ಡಿಕ್ಕಿ, ಹಿಂದಿನ ಬಾಗಿಲು ಗಾಜಿನ ಸಮೇತ ಮೇಲಕ್ಕೇಳುವುದರಿಂದ ಮಗುವಿನ ತಳ್ಳುಗಾಡಿಯನ್ನು ಮಡಚಿ ಹಾಗೇ ಒಳಗೆ ಹಾಕಬಹುದು. ತೊಂದರೆ ಏನೆಂದರೆ 2025ರ ಅಕ್ಟೋಬರ್‌ನಲ್ಲಿ ಬಿಡುಗಡೆ ಮಾಡಿದಾಗ ಇಡೀ ದೇಶಕ್ಕೆ ತಂದದ್ದು 100 ಕಾರು. ಅದೇ ಎಂಜಿನ್ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐನಲ್ಲೂ ಇದೆ, ಡಿಕ್ಕಿ ಮಾತ್ರ ಚಿಕ್ಕದು. ಇನ್ನೂ ಮೇಲೆ ಹೋಗ್ತೀರಾದರೆ ಬಿಎಂಡಬ್ಲ್ಯು ಎಂ340ಐ: 374 ಪಿಎಸ್, ಆರು ಸಿಲಿಂಡರ್, 4.4 ಸೆಕೆಂಡಿನಲ್ಲಿ ಗಂಟೆಗೆ 100 ಕಿಮೀ ವೇಗ. ನಾಲ್ಕು ಬಾಗಿಲಿರುವ ಸ್ಪೋರ್ಟ್ಸ್ ಕಾರು ಅಂದರೆ ಇದೇ.

ಬೆಲೆ ನೋಡುವಾಗ ನಮ್ಮ ರಾಜ್ಯದ ರೋಡ್ ಟ್ಯಾಕ್ಸ್ ಮರೀಬೇಡಿ. 20 ಲಕ್ಷ ದಾಟಿದ ಪೆಟ್ರೋಲ್ ಕಾರಿಗೆ 18 ಶೇಕಡ, ಅದರ ಮೇಲೆ ಸೆಸ್. 50 ಲಕ್ಷದ ಕಾರಿಗೆ ಹತ್ತಿರ ಹತ್ತಿರ 10 ಲಕ್ಷ ಬರೀ ತೆರಿಗೆಗೇ ಹೋಗುತ್ತದೆ.

ಕಾರು ಯಾವುದೇ ಇರಲಿ, ಮಗುವಿನ ಸೀಟನ್ನು ಶೋರೂಮಿಗೆ ಹೊತ್ತುಕೊಂಡು ಹೋಗಿ. ಸುಮ್ನೆ ತಮಾಷೆಗೆ ಹೇಳ್ತಿಲ್ಲ. ಹಿಂದಿನ ಸೀಟಿನ ಬೆನ್ನು ಮತ್ತು ಕೂರುವ ಭಾಗ ಸೇರುವ ಸಂದಿಯಲ್ಲಿ ಕೈ ಹಾಕಿ, ಐಸೋಫಿಕ್ಸ್‌ನ ಎರಡು ಕಬ್ಬಿಣದ ಕೊಂಡಿ ಸಿಗಬೇಕು, ಮಗುವಿನ ಸೀಟು ಕಾರಿಗೆ ಕಚ್ಚಿಕೊಳ್ಳುವುದು ಅವಕ್ಕೇ. ಕೆಲವು ಕಾರಿನಲ್ಲಿ ಪ್ಲಾಸ್ಟಿಕ್ ಮುಚ್ಚಳದಡಿ ಸುಲಭವಾಗಿ ಸಿಗುತ್ತವೆ, ಕೆಲವದರಲ್ಲಿ ಲೆದರ್ ಹೊಲಿಗೆಯ ಒಳಗೆ ಅಡಗಿದ್ದು ಬೆರಳು ತರಚುತ್ತವೆ. ಸೀಟು ಕೂರಿಸಿ, ಅಲ್ಲಾಡಿಸಿ, ಮೇಲಿನ ಪಟ್ಟಿ ಸಿಕ್ಕಿಸೋಕೆ ಕೊಕ್ಕೆ ಎಲ್ಲಿದೆ ನೋಡಿ. ಸೀಟಿಗೆ ಊರುಗಾಲು ಇದ್ದರೆ ಅದು ಗಟ್ಟಿ ನೆಲದ ಮೇಲೆ ನಿಲ್ಲಬೇಕು, ಕಾಲಡಿ ಸಾಮಾನಿಡುವ ಪೆಟ್ಟಿಗೆಯ ಮುಚ್ಚಳದ ಮೇಲಲ್ಲ. ಬೂಸ್ಟರ್ ಇಟ್ಟ ಮೇಲೆ ಬೆಲ್ಟಿನ ಬಕಲ್ ಕೈಗೆ ಸಿಗುತ್ತದಾ ಅಂತಲೂ ನೋಡಿ. ಸ್ಪೋರ್ಟ್ಸ್ ಕಾರುಗಳ ಹಿಂದಿನ ಸೀಟು ಗುಂಡಿಯ ಥರ ಇರುತ್ತದೆ, ಬಕಲ್ ಬೂಸ್ಟರಿನ ಅಡಿ ಹೂತುಹೋಗುತ್ತದೆ, ಬೆಳಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ಅದನ್ನು ಹುಡುಕುವ ಗೋಳು ಯಾರಿಗೂ ಬೇಡ.

ಟೆಸ್ಟ್ ಡ್ರೈವಿಗೆ ಮಕ್ಕಳೂ ಬರಲಿ. ತಲೆದಿಂಬು ಸೇರಿಸಿಯೇ ಮಾಡಿದ ದಪ್ಪ ಬಕೆಟ್ ಸೀಟು ಮುಂದಿದ್ದರೆ ಹಿಂದೆ ಕೂತ ಮಗುವಿಗೆ ರಸ್ತೆಯೇ ಕಾಣಲ್ಲ, ಕಿಟಕಿ ಎತ್ತರದಲ್ಲಿದ್ದರೆ ಹೊರಗೂ ಕಾಣಲ್ಲ. ಹೊರಗೆ ಕಾಣದ ಮಗು ಚಾರ್ಮಾಡಿಯ ಮೂರನೇ ತಿರುವಿಗೇ ವಾಂತಿ ಮಾಡುತ್ತದೆ. ದೊಡ್ಡ ರಿಮ್ಮು, ತೆಳ್ಳಗಿನ ಟೈರು ಹಾಕಿದ ಮಾದರಿ ನೋಡೋಕೆ ಚೆಂದ, ಆದರೆ ಹಂಪ್ ಮೇಲೆ ಹಾರಿದಾಗ ಮಲಗಿದ ಮಗು ಎದ್ದು ಅಳುತ್ತದೆ. ಚಿಕ್ಕ ರಿಮ್ಮಿನದು ಸಿಕ್ಕರೆ ಅದನ್ನೇ ತಗೊಳ್ಳಿ. ಹಂಪ್ ದಾಟಿಸಿ ನೋಡುವಾಗ ಎಲ್ಲರೂ ಕಾರಿನಲ್ಲಿ ಕೂತಿರಬೇಕು, ಒಬ್ಬರೇ ಇದ್ದಾಗ ತಾಗದ ತಳ ಆಗ ತಾಗಬಹುದು.

ಇನ್ನೊಂದು ಪ್ರಶ್ನೆ ಹೇಗೂ ಬರುತ್ತದೆ: ಎರಡೇ ಸೀಟಿನ ಕಾರಿನಲ್ಲಿ ಮಗುವನ್ನು ಮುಂದೆ ಕೂರಿಸಬಹುದಾ? ಹಿಂದಕ್ಕೆ ಮುಖ ಮಾಡಿದ ಸೀಟನ್ನು ಏರ್‌ಬ್ಯಾಗ್ ಚಾಲೂ ಇರುವ ಜಾಗದಲ್ಲಿ ಇಡಲೇಬಾರದು, ಏರ್‌ಬ್ಯಾಗ್ ಬಿಚ್ಚಿಕೊಂಡ ಹೊಡೆತಕ್ಕೆ ಮಗುವಿನ ಜೀವವೇ ಹೋಗಬಹುದು. ಏರ್‌ಬ್ಯಾಗ್ ಆಫ್ ಮಾಡುವ ಸ್ವಿಚ್ಚು ಇಲ್ಲದ ಕಾರಾದರೆ ಮಾತು ಅಲ್ಲಿಗೇ ಮುಗಿಯಿತು. ತೊಡೆ ಮೇಲೆ ಕೂರಿಸಿಕೊಳ್ಳೋದಂತೂ ಯಾವ ಕಾರಿನಲ್ಲೂ ಬೇಡ. 14 ವರ್ಷದೊಳಗಿನ ಮಗುವಿಗೆ ಬೆಲ್ಟೋ ಮಕ್ಕಳ ಸೀಟೋ ಇಲ್ಲದಿದ್ದರೆ ಮೋಟಾರು ವಾಹನ ಕಾಯ್ದೆಯ 194ಬಿ ಪ್ರಕಾರ 1000 ರೂಪಾಯಿ ದಂಡವೂ ಇದೆ.

ಕೊನೆಯದಾಗಿ ಅಜ್ಜಿಯ ವಿಷಯ. ಹಿಂದೆ ಎರಡು ಮಕ್ಕಳ ಸೀಟು ಕೂರಿಸಿದರೆ ನಡುವೆ ಉಳಿಯುವ ಜಾಗದಲ್ಲಿ ದೊಡ್ಡವರು ಕೂರುವುದು ಕಷ್ಟ. ಇಲ್ಲಿ ಹೆಸರಿಸಿದ ಕಾರುಗಳಲ್ಲಿ ಮೂರನೇ ದೊಡ್ಡವರಿಗೆ ಆರಾಮಾದ ಜಾಗ ಯಾವುದರಲ್ಲೂ ಇಲ್ಲ. ಅಮ್ಮನೋ ಅತ್ತೆಯೋ ಯಾವಾಗಲೂ ಜೊತೆಗೆ ಬರುವವರಾದರೆ, ಶೋರೂಮಿಗೆ ಅವರನ್ನೂ ಕರೆದುಕೊಂಡು ಹೋಗಿ ಎರಡು ಸೀಟಿನ ನಡುವೆ ಒಮ್ಮೆ ಕೂರಿಸಿ ನೋಡಿ, ಬುಕಿಂಗ್ ದುಡ್ಡು ಕಟ್ಟುವ ಮುಂಚೆ.